ಚಾಕಿ ಕೋಣೆಯ ಡ್ರಿಲ್

ಅತ್ತಿಗೆ ಎರಡೂ ಕೈ ಮೇಲಕ್ಕೆತ್ತಿದಾಗ ಗಾಜಿನ ಬಳೆಗಳು ಜಾರಿ ಮೊಣಕೈಗೆ ಬಂದು ಕೂರುವ ಸದ್ದು — ಗಲ್ ಅಂತ ಒಂದು ಸಲ, ಕೈ ಇಳಿಸಿದಾಗ ಇನ್ನೊಂದು ಸಲ. ಬಾಗಿಲು ಮುಚ್ಚಿದ ಕೋಣೆ, ಮಧ್ಯಾಹ್ನದ ಹೊತ್ತು. ನಾನು ಪಿಸುದನಿಯಲ್ಲಿ "ಒನ್, ಟೂ" ಅನ್ನುತ್ತಿದ್ದೆ, ಬಳೆಗಳು ತಾಳ ಹಾಕುತ್ತಿದ್ದವು. ಆ ಕೋಣೆಯೊಳಗೆ ನಾನು ಕಾಲೇ ಇಟ್ಟಿರಲಿಲ್ಲ ಎಂದು ನನ್ನ ತಾಯಿಯ ಮುಂದೆ ಸುಳ್ಳು ಹೇಳಿದೆ. ಆ ಸುಳ್ಳಿನಿಂದ ನನ್ನ ಅಣ್ಣನ ಹೆಂಡತಿ ಮುನಿರತ್ನಮ್ಮ ತಮ್ಮ ಮನೆ ಕಳೆದುಕೊಂಡರು. ಇದಿಷ್ಟೇ ವಿಷಯ. ಅಮ್ಮನೊಬ್ಬರನ್ನು ಬಿಟ್ಟು ಇದನ್ನು ಯಾರಿಗೂ ಹೇಳದೆ ಮುದುಕಿಯಾಗಿದ್ದೇನೆ.

ಹೇಳುತ್ತೇನೆ, ಅಂದುಕೊಂಡ ಕೂಡಲೇ ಮನಸ್ಸು ಸಬೂಬು ಹುಡುಕುತ್ತದೆ. ಆಗ ಚಿಕ್ಕವಳು, ಭಯ, ಆ ಕಾಲ ಹಾಗಿತ್ತು — ಇಲ್ಲ, ಅದೆಲ್ಲ ಬೇಡ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಮ್ಮದು ಶಿಡ್ಲಘಟ್ಟ ತಾಲ್ಲೂಕು, ಜಂಗಮಕೋಟೆಯಿಂದ ನಡೆದು ಹೋಗುವಷ್ಟು ದೂರದ ಹಳ್ಳಿ. ಹಿಪ್ಪುನೇರಳೆ ತೋಟ, ರೇಷ್ಮೆಹುಳು ಸಾಕಣೆ. ಅಪ್ಪ ತೀರಿಕೊಳ್ಳುವ ಮುಂಚೆ ನನ್ನನ್ನು ಬೆಂಗಳೂರಿನ ಒಂದು ಕಾನ್ವೆಂಟಿನ ಬೋರ್ಡಿಂಗಿಗೆ ಸೇರಿಸಿದ್ದರು. ಅವರ ಮಾತಿಗೆ ಕಟ್ಟುಬಿದ್ದು ಅಮ್ಮ ಎಸ್ಸೆಸ್ಸೆಲ್ಸಿವರೆಗೂ ಓದಿಸಿದರು. ಐವತ್ತರ ದಶಕ ಆಗತಾನೇ ಶುರುವಾಗಿತ್ತು, ನಾನು ಟ್ರಂಕ್ ಹೊತ್ತು ಮನೆಗೆ ಬಂದಾಗ. ಫೋರ್ಕ್ ಹಿಡಿಯಲು ಬರುತ್ತಿತ್ತು, ಸೊಪ್ಪು ಹೆಚ್ಚಲು ಬರುತ್ತಿರಲಿಲ್ಲ. ಮದುವೆಯಾಗುವವರೆಗೆ ಮನೆಯಲ್ಲಿ ಇರುವುದು — ಅದೇ ನನ್ನ ಕೆಲಸ.

ಟ್ರಂಕಿನ ತಳದಲ್ಲಿ, ಲಂಗಗಳ ಕೆಳಗೆ, ಒಂದು ಪುಸ್ತಕ ಇತ್ತು. ನಮ್ಮ ಡ್ರಿಲ್ ಟೀಚರ್ ಶಾಲೆ ಬಿಟ್ಟು ಹೋಗುವಾಗ ತಮ್ಮ ಹಳೆಯ ಪುಸ್ತಕಗಳನ್ನು ಹುಡುಗಿಯರಿಗೆ ಹಂಚಿದ್ದರು, ನನ್ನ ಪಾಲಿಗೆ ಅದು ಬಂತು. ಹೆಂಗಸರು ಏನು ತಿನ್ನಬೇಕು, ಹೇಗೆ ವ್ಯಾಯಾಮ ಮಾಡಬೇಕು, ಹೇಗೆ ಮೈ ಇಳಿಸಬೇಕು ಅನ್ನುವ ಇಂಗ್ಲಿಷ್ ಪುಸ್ತಕ. ಪುಟಪುಟಕ್ಕೂ ಒಬ್ಬ ಬಿಳಿ ಹೆಂಗಸಿನ ಫೋಟೋ — ತೊಡೆಯವರೆಗಿನ ಚಡ್ಡಿ, ತೋಳಿಲ್ಲದ ಬನಿಯನ್, ನೆಲದ ಮೇಲೆ ಅಂಗಾತ ಮಲಗಿ ಕಾಲು ಆಕಾಶಕ್ಕೆ. ನನಗೆ ಅದರ ಅಗತ್ಯವೇ ಇರಲಿಲ್ಲ, ಕಡ್ಡಿಯ ಹಾಗಿದ್ದೆ. ಆದರೂ ಉಳಿದ ಹುಡುಗಿಯರು ಕಾದಂಬರಿ ಓದುವ ಹಾಗೆ ನಾನು ಅದನ್ನು ಓದುತ್ತಿದ್ದೆ. ಆ ಪುಸ್ತಕದ ಧೈರ್ಯ ನನಗೆ ಇಷ್ಟವಾಗಿತ್ತು. ಹೀಗೆ ಮಾಡು, ಹೀಗಾಗುತ್ತದೆ. ಇಫ್ ಇಲ್ಲ, ಬಟ್ ಇಲ್ಲ. ನಮ್ಮ ಮನೆಯಲ್ಲಿ ಯಾವ ವಿಷಯವನ್ನೂ ಯಾರೂ ಹಾಗೆ ಹೇಳುತ್ತಿರಲಿಲ್ಲ. ಎಲ್ಲದಕ್ಕೂ 'ದೇವರು ಮಾಡಿಸಿದಂಗೆ'.

ಅತ್ತಿಗೆ ದುಂಡನೆಯ ಹೆಂಗಸು. ಕೈವಾರದ ಕಡೆಯವರು. ಮಾತಿನ ನಡುವೆ ತೆಲುಗು ನುಸುಳುತ್ತಿತ್ತು, ನಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಮದುವೆಯಾಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಬಾವಿ ಕಟ್ಟೆಯ ಹೆಂಗಸರು ಅವರಿಗೆ ಕೇಳುವ ಹಾಗೇ ಅನ್ನುತ್ತಿದ್ದರು — "ತಿಂದಿದ್ದೆಲ್ಲ ಮೈಗೇ ಹೋಗುತ್ತೆ, ಹೊಟ್ಟೇಲಿ ಏನೂ ನಿಲ್ಲಲ್ಲ." ಅಮ್ಮ ಅಷ್ಟು ಒರಟಾಗಿ ಆಡುತ್ತಿರಲಿಲ್ಲ. ಅಮ್ಮ ಹೇಳಿದ್ದು ಒಂದೇ ಮಾತು, "ಬರೋ ಯುಗಾದಿವರೆಗೂ ನೋಡ್ತೀನಿ. ಆಮೇಲೆ ನನ್ನ ಮಗನಿಗೆ ಬೇರೆ ದಾರಿ ನೋಡ್ತೀನಿ." ಎರಡನೇ ಮದುವೆ ತಪ್ಪು ಅನ್ನುವ ಕಾನೂನು ಆಗಿನ್ನೂ ಬಂದಿರಲಿಲ್ಲ. ಬಂದ ಮೇಲೂ ನಮ್ಮ ಕಡೆ — ಅದಿರಲಿ.

ಅಣ್ಣ ಅವರನ್ನು ಚಿಕ್ಕಬಳ್ಳಾಪುರದ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿಬಂದಿದ್ದ. ಬಂದವರು ಹಿತ್ತಲಲ್ಲಿ ನನ್ನ ಹತ್ತಿರ ಕೂತು ಹೇಳಿದರು, "ತಿಂಗಳು ಸರಿಯಾಗಿ ಆಗ್ತಿಲ್ಲ, ಮೈ ಇಳಿಸು, ಸರಿಹೋಗಬಹುದು ಅಂದ್ಲು ಆ ಡಾಕ್ಟ್ರಮ್ಮ. ಹೆಂಗೆ ಇಳಿಸೋದು ಅಂತ ಮಾತ್ರ ಹೇಳಲಿಲ್ಲ ಕಣಮ್ಮ."

ಆವತ್ತು ಟ್ರಂಕ್ ತೆರೆದೆ.

ನಾನು ಓದುವುದು, ಕನ್ನಡ ಮಾಡಿ ಹೇಳುವುದು, ಅತ್ತಿಗೆ ಕೇಳುವುದು. ಫೋಟೋ ನೋಡಿ ಮೊದಲ ದಿನ ಅವರು ಹೇಳಿದ್ದು, "ಅಯ್ಯೋ ಪಾಪ, ಈಯಮ್ಮನಿಗೆ ಒಂದು ಸೀರೆ ತಂದ್ಕೊಡೋರು ಯಾರೂ ಇಲ್ವಾ?" ಹಾಗೆ ಅಂದವರು ಆ ಫೋಟೋಗಳನ್ನು ನನಗಿಂತ ಚೆನ್ನಾಗಿ ನೋಡಿಕೊಂಡರು — ಮಂಡಿ ಎಲ್ಲಿ ಬಗ್ಗಿದೆ, ಬೆನ್ನು ಎಷ್ಟು ನೆಟ್ಟಗಿದೆ ಅಂತ.

"ಬೆಳಗ್ಗೆ ಅರ್ಧ ಗ್ರೇಪ್‌ಫ್ರೂಟ್," ಅಂದೆ.

"ಅದೇನದು?"

"ಚಕ್ಕೋತ ಇದ್ದ ಹಾಗೆ ಅತ್ತಿಗೆ."

"ದೇವನಹಳ್ಳಿ ಚಕ್ಕೋತಾನಾ? ದಿನಾ ಚಕ್ಕೋತ ಬೇಕು ಅಂದ್ರೆ ನಿಮ್ಮಣ್ಣ ಬಸುರಿ ಅಂದ್ಕೊಂಡು ಊರಿಗೆಲ್ಲ ಬೆಲ್ಲ ಹಂಚ್ತಾರೆ."

ಒಂದು ತೆಳ್ಳನೆಯ ಟೋಸ್ಟ್ ಅಂತ ಇತ್ತು, ಒಣಗಿದ ರಾಗಿರೊಟ್ಟಿ ಅಂದೆ. ಮಧ್ಯಾಹ್ನಕ್ಕೆ ಸ್ಟೇಕ್ ಅಂತ ಇತ್ತು. ಅದು ದನದ ಮಾಂಸ ಅಂತ ಗೊತ್ತಿದ್ದೂ ಹುರುಳಿಕಾಳು ಅಂದುಬಿಟ್ಟೆ. "ಕುದುರೆಗೆ ಹಾಕೋದು. ಸರಿ, ಓಡಿದ್ರೆ ಓಡ್ತೀನಿ ಬಿಡು," ಅಂದರು. ಪುಸ್ತಕದಲ್ಲಿ ಇಲ್ಲದ್ದನ್ನೂ ಇದೆ ಅಂತ ಹೇಳುವ ಅಭ್ಯಾಸ ನನಗೆ ಆಗಲೇ ಬಂದಿತ್ತು. ಯಾಕೆ ಅಂತ ಈಗ ಗೊತ್ತಾಗುತ್ತದೆ — ನನ್ನ ಮಾತನ್ನು ಯಾರಾದರೂ ಅಷ್ಟು ನಂಬಿ ಕೇಳಿದ್ದು ಅದೇ ಮೊದಲು. ಮೂರು ಹೊತ್ತೂ ಮುದ್ದೆ ಉಣ್ಣುವ ಮನೆಯಲ್ಲಿ ಅರ್ಧ ಮುದ್ದೆ ತಿಂದು ಏಳುವುದಕ್ಕೆ ನೆಪ ಬೇಕಲ್ಲ, ಅದನ್ನು ಅತ್ತಿಗೆಯೇ ಕಂಡುಕೊಂಡರು. ಒಪ್ಪತ್ತು ಹಿಡಿದಿದ್ದೀನಿ ಅಂದರು. ಮಗುವಿಗಾಗಿ ವ್ರತ ಅಂತ ಅಮ್ಮನಿಗೂ ಸಮಾಧಾನವಾಯಿತು.

ವ್ಯಾಯಾಮಕ್ಕೆ ಜಾಗ ಬೇಕಿತ್ತು. ತುಂಬಿದ ಮನೆ, ಹಟ್ಟಿ, ಆಳುಕಾಳು — ಹೆಂಗಸೊಬ್ಬಳು ಅಂಗಾತ ಮಲಗಿ ಕಾಲೆತ್ತುವ ಜಾಗ ಎಲ್ಲಿ? ಒಂದೇ ಒಂದು ಇತ್ತು. ಚಾಕಿ ಕೋಣೆ.

ಹುಳು ಸಾಕದವರಿಗೆ ಇದನ್ನು ಸ್ವಲ್ಪ ಹೇಳಬೇಕು. ಮೊಟ್ಟೆಯೊಡೆದ ಹುಳು ಕೂದಲೆಳೆಯಷ್ಟು ಸಣ್ಣ. ಅವನ್ನು ಬೆಚ್ಚನೆಯ ಚಿಕ್ಕ ಕೋಣೆಯಲ್ಲಿ ಬಿದಿರ ತಟ್ಟೆಗಳಲ್ಲಿ ಇಟ್ಟು, ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಿ ಸಾಕುತ್ತಾರೆ. ಅದು ಚಾಕಿ. ಬಾಗಿಲಿಗೆ ಒದ್ದೆ ಗೋಣಿಯ ಪರದೆ. ಸಾಕುವವಳನ್ನು ಬಿಟ್ಟು ಬೇರೆ ಯಾರೂ ಒಳಗೆ ಹೋಗುವ ಹಾಗಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಅಲ್ಲಿಗೆ ವಾಸನೆ ಹೋಗಬಾರದು — ಮಲ್ಲಿಗೆ ಮುಡಿಯುವ ಹಾಗಿಲ್ಲ, ಸಾಂಬ್ರಾಣಿ ಹಾಕುವ ಹಾಗಿಲ್ಲ, ಅಣ್ಣ ಬೀಡಿ ಸೇದಿದ ಕೈಯಲ್ಲಿ ಆ ಬಾಗಿಲನ್ನೂ ಮುಟ್ಟುವ ಹಾಗಿಲ್ಲ. ನಮ್ಮ ಮನೆಯ ಚಾಕಿ ಅತ್ತಿಗೆಯ ಕೈಯಲ್ಲಿತ್ತು. ಅಷ್ಟು ತಾಳ್ಮೆ ಬೇರೆ ಯಾರಿಗೂ ಇರಲಿಲ್ಲ. ಹುಳುಗಳನ್ನು ಅವರು 'ಮಕ್ಳು' ಅನ್ನುತ್ತಿದ್ದರು. "ಮಕ್ಳು ಉಂಡ್ವಾ?" ಅಂತ ಅಮ್ಮ ಕೇಳುತ್ತಿದ್ದರು, "ಉಂಡ್ವು ಅತ್ತೆ" ಅಂತ ಇವರು ಹೇಳುತ್ತಿದ್ದರು.

ಮಧ್ಯಾಹ್ನದ ಸೊಪ್ಪು ಹಾಕಿ ಬಾಗಿಲು ಮುಚ್ಚಿದರೆ ಸಂಜೆಯವರೆಗೆ ಯಾರೂ ಆ ಕಡೆ ಬರುತ್ತಿರಲಿಲ್ಲ. ಹುಳು ಪೊರೆ ಬಿಡುವ ಸಮಯದಲ್ಲಿ — ನಮ್ಮ ಕಡೆ ಅದನ್ನು ಜ್ವರ ಅನ್ನುತ್ತಾರೆ — ತಲೆಯೆತ್ತಿಕೊಂಡು ಅಲ್ಲಾಡದೆ ಇರುತ್ತವೆ, ಸೊಪ್ಪೂ ತಿನ್ನುವುದಿಲ್ಲ. ಆಗಂತೂ ಇಡೀ ಮಧ್ಯಾಹ್ನ ನಮ್ಮದು. ಮಕ್ಕಳಿಗೆ ಜ್ವರ ಬಂದರೆ ನಮಗೆ ಡ್ರಿಲ್.

ಸೊಪ್ಪು ಕೊಡುವ ನೆಪದಲ್ಲಿ ನಾನೂ ಒಳಗೆ ಸೇರಿಕೊಳ್ಳುತ್ತಿದ್ದೆ. ಅತ್ತಿಗೆ ಪೈರು ನಾಟಿ ಮಾಡುವವರ ಹಾಗೆ ಸೀರೆ ಎತ್ತಿ ಕಚ್ಚೆ ಕಟ್ಟುತ್ತಿದ್ದರು. ನಾನು ಪುಸ್ತಕ ಹಿಡಿದು ನಿಂತು "ಪಾಸ್ಚರ್ ಅತ್ತಿಗೆ, ಪಾಸ್ಚರ್" ಅನ್ನುತ್ತಿದ್ದೆ. "ನಿನ್ನ ಪಾಸ್ಚರ್ ಹಾಳಾಗ, ನನ್ನ ಸೊಂಟ ಹೋಯ್ತು," ಅನ್ನುತ್ತ ಬಗ್ಗುತ್ತಿದ್ದರು. ಆಮೇಲೆ ಇಬ್ಬರೂ ನೆಲದ ಮೇಲೆ ಕೂತು, ಸದ್ದು ಹೊರಗೆ ಹೋಗಬಾರದೆಂದು ಸೆರಗು ಬಾಯಿಗೆ ತುರುಕಿಕೊಂಡು ನಗುವುದು. ನನ್ನ ಬದುಕಿನಲ್ಲಿ ಅಷ್ಟು ಹ್ಯಾಪಿ ಆಗಿದ್ದ ಮಧ್ಯಾಹ್ನಗಳು ಆಮೇಲೆ ಬರಲಿಲ್ಲ. ಇದನ್ನು ಬರೆಯುವುದು ಸರಿಯೋ ತಪ್ಪೋ — ಆದರೆ ನಿಜ.

ಮೈ ಇಳಿಯಿತು. ಮೊದಲು ಯಾರಿಗೂ ಕಾಣಲಿಲ್ಲ, ಅವರಿಗೆ ಮಾತ್ರ ಸೀರೆಯ ನೆರಿಗೆಯಲ್ಲಿ ಗೊತ್ತಾಯಿತು. ಆಮೇಲೆ ತಿಂಗಳು ಸರಿಹೋಯಿತು. ಒಂದು ಬೆಳಗ್ಗೆ ಹಿತ್ತಲ ಮೂಲೆಯಲ್ಲಿ ಹೊರಗೆ ಕೂತಿದ್ದವರು ನನ್ನನ್ನು ಕಂಡು ಕಣ್ಣರಳಿಸಿದರು. "ಹೋದ ತಿಂಗಳ ಲೆಕ್ಕಕ್ಕೆ ಸರಿಯಾಗಿ ಆದೆ ಕಣಮ್ಮ." ಮಗಳಿಲ್ಲದ, ಮಗನಿಲ್ಲದ ಸೊಸೆ ಮತ್ತೆ ಹೊರಗಾದಳು ಅಂತ ಒಳಗೆ ಅಮ್ಮ ನಿಟ್ಟುಸಿರು ಬಿಡುತ್ತಿದ್ದರು. ಹಿತ್ತಲಲ್ಲಿ ನಾವಿಬ್ಬರು ಹಬ್ಬ ಬಂದ ಹಾಗೆ ನಗುತ್ತಿದ್ದೆವು. "ಇನ್ನು ಕೆಲವು ತಿಂಗಳು ಹಿಂಗೇ ಆದ್ರೆ ಸಾಕು. ಡಾಕ್ಟ್ರಮ್ಮ ಅದನ್ನೇ ಹೇಳಿದ್ದು," ಅಂದರು. ಈ ಸಂಗತಿ ಗೊತ್ತಿದ್ದದ್ದು ಅವರಿಗೆ ಮತ್ತು ನನಗೆ. ಅಣ್ಣನಿಗೂ ಹೇಳಿರಲಿಲ್ಲ. ಆದ ಮೇಲೆ ಹೇಳೋಣ, ಈಗಲೇ ಹೇಳಿ ದೃಷ್ಟಿ ತಗುಲಿಸಿಕೊಳ್ಳೋದು ಬೇಡ ಅಂದಿದ್ದರು.

ಯುಗಾದಿಗೆ ಮುಂಚಿನ ಬೆಳೆ ಅದು. ಅದರ ಮೇಲೆ ಮನೆಯ ಎಲ್ಲ ಆಸೆಯೂ ನಿಂತಿತ್ತು, ನನ್ನ ಮದುವೆಯೂ. ಚಿಂತಾಮಣಿಯ ಒಂದು ಮನೆತನದಿಂದ ನನ್ನನ್ನು ನೋಡಿ ಹೋಗಿದ್ದರು, ಮಾತು ಮುಗಿಯುವುದಿತ್ತು. ಎರಡನೇ ಜ್ವರ. ಅತ್ತಿಗೆ ಕಾಲೆತ್ತಿದವರು ಹಾಗೇ ಹಿಡಿದುಕೊಂಡರು, ಮೀನಖಂಡ ಸೆಟೆದುಕೊಂಡಿತ್ತು. ಸ್ನಾಯು ಹಿಡಿದರೆ ಚೆನ್ನಾಗಿ ತಿಕ್ಕಬೇಕು ಅಂತ ಪುಸ್ತಕದಲ್ಲಿ ಇತ್ತು. ನನ್ನ ಟ್ರಂಕಿನಲ್ಲಿ ಬೋರ್ಡಿಂಗಿನಿಂದ ತಂದ ನೀಲಗಿರಿ ಎಣ್ಣೆಯ ಶೀಶೆ ಇತ್ತು. ಓಡಿ ತಂದೆ.

"ಒಳಗೆ ಬೇಡ ಕಣಮ್ಮ. ವಾಸನೆ. ಹಟ್ಟಿಗೆ ಹೋಗಿ ಹಚ್ಕೊತೀನಿ," ಅಂದರು.

"ಹಟ್ಟೀಲಿ ಆಳು ಇದ್ದಾನೆ. ಮನೇಲಿ ಅಮ್ಮ ಕೇಳ್ತಾರೆ. ಹುಳಕ್ಕೆ ಮೂಗೆಲ್ಲಿದೆ ಅತ್ತಿಗೆ? ಇದೆಲ್ಲ ಸೂಪರ್‌ಸ್ಟಿಷನ್."

"ಅಂದ್ರೆ?"

"ಮೂಢನಂಬಿಕೆ. ಸಿಲ್ಲಿ."

ಅವರಿಗೆ ನೋವು ತಡೆಯಲಾಗುತ್ತಿರಲಿಲ್ಲ. ಆದರೂ ಎದ್ದು ಹೋಗುತ್ತಿದ್ದರೋ ಏನೋ — ನಾನು ಬಿಡಲಿಲ್ಲ. ಅಲ್ಲೇ ಕೂರಿಸಿ ಎರಡೂ ಕಾಲಿಗೆ ಸುರಿದು ತಿಕ್ಕಿದೆ. ಮುಚ್ಚಿದ ಕೋಣೆ, ಬೆಚ್ಚನೆಯ ಕೋಣೆ. ಕಣ್ಣುರಿಯುವಷ್ಟು ಘಾಟು.

ಜ್ವರ ಬಿಟ್ಟ ಮೇಲೆ ಹುಳು ಸೊಪ್ಪಿಗೆ ಬಾಯಿ ಹಾಕಲಿಲ್ಲ. ಮಾರನೆಯ ದಿನ ಕೆಲವು ಹಸಿರು ನೀರು ಕಕ್ಕಿದವು. ಆಮೇಲೆ ತಟ್ಟೆತಟ್ಟೆಯೇ ಮೆತ್ತಗಾಗಿ ಕಪ್ಪಾಯಿತು. ಅತ್ತಿಗೆ ಒಂದೊಂದು ತಟ್ಟೆಯನ್ನೂ ಇಳಿಸಿ, ಬದುಕಿರುವುದನ್ನು ಗರಿಯಿಂದ ಆರಿಸಿ ಬೇರೆ ಮಾಡುತ್ತಿದ್ದರು. ಬೇರೆ ಮಾಡಿದ್ದೂ ಸಾಯುತ್ತಿತ್ತು. ಸೊಪ್ಪು ಒದ್ದೆಯಾಗಿತ್ತೋ, ಮೊಟ್ಟೆಯಲ್ಲೇ ರೋಗ ಇತ್ತೋ, ನಾನು ಸುರಿದ ಎಣ್ಣೆಯೋ — ಇಷ್ಟು ವರ್ಷವಾದರೂ ನನಗೆ ಗೊತ್ತಿಲ್ಲ. 'ಸೊಪ್ಪು ಒದ್ದೆ ಇದ್ದಿರಬೇಕು' ಅನ್ನುವ ಮಾತನ್ನು ನಾನು ಬಹಳ ಕಾಲ ಕಂಬಳಿಯ ಹಾಗೆ ಹೊದ್ದುಕೊಂಡಿದ್ದೆ. ಈಗ ಅದು ಬೇಡ. ಹುಳು ಯಾವುದರಿಂದ ಸತ್ತವು ಅನ್ನುವುದು ನನ್ನ ತಪ್ಪಿನ ಲೆಕ್ಕಕ್ಕೆ ಬರುವುದೇ ಇಲ್ಲ.

ಅಮ್ಮ ನಡುಮನೆಯಲ್ಲಿ ಕೇಳಿದರು. ಅಣ್ಣ ಕಂಬಕ್ಕೆ ಒರಗಿ ನಿಂತಿದ್ದ. ಅಮ್ಮ ಅತ್ತಿಗೆಯ ಸೆರಗನ್ನು ಹಿಡಿದು ಮೂಸಿದರು, ಬಗ್ಗಿ ಸೀರೆಯ ಅಂಚನ್ನೂ ಮೂಸಿದರು.

"ಏನಿದು ವಾಸನೆ?"

ಅತ್ತಿಗೆ ನನ್ನ ಕಡೆ ನೋಡಿದರು. ಕೋಪದಿಂದಲ್ಲ — ನಾನು ಪುಸ್ತಕ ತೆರೆಯುವಾಗ ಮುಂದೇನು ಅಂತ ನೋಡುತ್ತಿದ್ದರಲ್ಲ, ಹಾಗೆ.

"ಪ್ರಮೀಳಾ, ನೀನೂ ಒಳಗೆ ಹೋಗ್ತಿದ್ಯಾ?"

ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ಏನಿತ್ತು ಎಂದು ಪ್ರಾಮಾಣಿಕವಾಗಿ ಹೇಳಬೇಕು. ಅಮ್ಮ ಇರಲಿಲ್ಲ, ಹುಳು ಇರಲಿಲ್ಲ, ಅತ್ತಿಗೆಯೂ ಇರಲಿಲ್ಲ. ಚಡ್ಡಿ ಹಾಕಿಕೊಂಡ ಆ ಬಿಳಿ ಹೆಂಗಸಿನ ಫೋಟೋ ಚಿಂತಾಮಣಿಯವರ ಕೈಯಿಂದ ಕೈಗೆ ಹೋಗುವುದು ಕಣ್ಣಿಗೆ ಕಟ್ಟಿತ್ತು, ಅಷ್ಟೆ.

"ಇಲ್ಲಮ್ಮ. ಸೊಪ್ಪು ಕೊಟ್ಟು ಬಾಗ್ಲಲ್ಲೇ ಬಂದ್ಬಿಡ್ತಿದ್ದೆ. ಒಳಗೆ ಅತ್ತಿಗೆ ಒಬ್ರೇ."

ಅಣ್ಣ ಹೆಂಡತಿಯ ಕಡೆ ತಿರುಗಿದ. "ಹೌದಾ?" ಅಂದ.

"ಹೌದು," ಅಂದರು ಅತ್ತಿಗೆ. "ಅವಳು ಒಳಗೆ ಬರ್ತಿರ್ಲಿಲ್ಲ."

ಅಮ್ಮ ಸೆರಗನ್ನು ಕೈಬಿಟ್ಟರು. ಮೆಲ್ಲಗೆ ಹೇಳಿದರು, ಕೂಗಲೂ ಇಲ್ಲ. "ಬಂಜೆ ಕೈಗೆ ಮಕ್ಳನ್ನ ಕೊಟ್ಟೆ. ತಪ್ಪು ನಂದೇ."

ಅದಾದ ಮೇಲೆ ಬಹಳ ಹೊತ್ತು ಹಿಡಿಯಲಿಲ್ಲ. ಅತ್ತಿಗೆಯ ಅಪ್ಪ ಗಾಡಿ ಕಟ್ಟಿಕೊಂಡು ಬಂದರು, ನಾಲ್ಕು ದಿನ ಇದ್ದು ಬರಲಿ ಅಂತ ಅಮ್ಮ ಕಳಿಸಿದರು, ಕರೆತರಲು ಯಾರೂ ಹೋಗಲಿಲ್ಲ. ಯುಗಾದಿ ಕಳೆದ ಮೇಲೆ ಗೌರಿಬಿದನೂರಿನ ಕಡೆಯಿಂದ ಅಣ್ಣನಿಗೆ ಹೆಣ್ಣು ತಂದರು. ನನ್ನ ಮದುವೆಯೂ ಆಯಿತು. ಹೊರಡುವ ಹಿಂದಿನ ದಿನ ಪುಸ್ತಕವನ್ನು ಬಚ್ಚಲ ಒಲೆಗೆ ಹಾಕಿದೆ. ದಪ್ಪ ಕಾಗದ, ಬೇಗ ಹತ್ತಲಿಲ್ಲ.

ನಾನು ಏನು ಮುಚ್ಚಿಟ್ಟೆ ಎಂದು ನನಗೇ ನಿಧಾನವಾಗಿ ಅರ್ಥವಾದದ್ದು. ಎಣ್ಣೆಯ ಮಾತು ಬಿಡಿ. ಅತ್ತಿಗೆಯ ಮೈ ಸರಿಹೋಗುತ್ತಿದೆ, ಡಾಕ್ಟರ್ ಹೇಳಿದ್ದು ನಿಜವಾಗುತ್ತಿದೆ, ಇನ್ನು ಕೆಲವು ತಿಂಗಳು ತಡೆಯಿರಿ — ಈ ಒಂದು ಮಾತು ನಾನು ಹೇಳಬಹುದಿತ್ತು. ಅವರೇ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ, ಉಳಿಯುವುದಕ್ಕೆ ಆಡುವ ಮಾತು ಅನ್ನುತ್ತಿದ್ದರು. ನಾನು ಹೇಳಿದರೆ, ಇಂಗ್ಲಿಷ್ ಓದಿದವಳು — ಆದರೆ ಅದನ್ನು ಹೇಳಬೇಕಾದರೆ ಡ್ರಿಲ್ಲಿನ ವಿಷಯ ಹೇಳಬೇಕಿತ್ತು.

ಮೊದಲ ಬಾಣಂತನಕ್ಕೆ ತವರಿಗೆ ಬಂದಾಗ ಅಮ್ಮನಿಗೆ ಹೇಳಿದೆ. ಅಮ್ಮ ನನ್ನ ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದರು. ಅವತ್ತು ನಾನೂ ಒಳಗಿದ್ದೆ ಅಮ್ಮ, ಅಂದೆ. ಅವರ ಕೈ ನಿಲ್ಲಲಿಲ್ಲ.

"ಗೊತ್ತು. ನಂಗೂ ಮೂಗಿದೆ ಕಣೇ. ಅದೇ ವಾಸನೆ ನಿನ್ನ ಕೈಯಲ್ಲೂ ಇತ್ತು."

"ಮತ್ತೆ ಯಾಕಮ್ಮ —"

"ನೀನು ಮದುವೆ ಆಗ್ಬೇಕಿದ್ದ ಹುಡುಗಿ. ಅವಳು ಹೆಂಗಿದ್ರೂ ಹೋಗೋಳೇ. ತಲೆ ಬಗ್ಸು."

ತಲೆ ಬಗ್ಗಿಸಿದೆ. ಅಮ್ಮನಿಗೆ ಗೊತ್ತಿತ್ತು, ನಾನು ಸತ್ಯ ಹೇಳಿದ್ದರೂ ಏನೂ ಬದಲಾಗುತ್ತಿರಲಿಲ್ಲ ಎಂದು ಆಮೇಲೆ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಆದರೆ ಕಂಬಕ್ಕೆ ಒರಗಿ ನಿಂತಿದ್ದ ಅಣ್ಣ? ಅವನು ತಿರುಗಿ ಕೇಳಿದ್ದ. ಹೆಂಡತಿಯ ಪರವಾಗಿ ನಿಲ್ಲಲು ಅವನಿಗೆ ಒಂದು ಮಾತು ಬೇಕಿತ್ತು. ಅದು ನನ್ನ ಹತ್ತಿರ ಇತ್ತು. ಅವನು ಹೋಗಿ ಎಷ್ಟೋ ಕಾಲವಾಯಿತು, ಅವನಿಗೂ ಹೇಳಲಿಲ್ಲ. ಎರಡನೇ ಅತ್ತಿಗೆಯ ಮಕ್ಕಳು ಅಂಗಳದಲ್ಲಿ ಆಡುತ್ತಿರುವಾಗ ಹೇಗೆ ಹೇಳುವುದು, ಯಾವ ಮುಖದಿಂದ —

ಮುನಿರತ್ನಮ್ಮನವರನ್ನು ನಾನು ಇನ್ನೊಂದೇ ಸಲ ಕಂಡದ್ದು. ಅರವತ್ತರ ದಶಕ, ಚಿಂತಾಮಣಿಯ ಬಸ್ ಸ್ಟ್ಯಾಂಡ್. ನನ್ನ ಕಿರಿಯ ಮಗಳು ಹೆಗಲ ಮೇಲೆ ನಿದ್ದೆ ಮಾಡಿದ್ದಳು. ಯಾರೋ ಹತ್ತಿರ ಬಂದು ನಿಂತರು. ಕೂದಲು ಹಣ್ಣಾಗತೊಡಗಿತ್ತು, ಕೈಯಲ್ಲಿ ತರಕಾರಿ ಚೀಲ. ಕೈವಾರದ ಹತ್ತಿರ ತಮ್ಮನ ಮನೆಯಲ್ಲಿದ್ದೀನಿ, ಸಂತೆಗೆ ಬಂದಿದ್ದೆ ಅಂದರು. ನಿಮ್ಮಣ್ಣ ಹೇಗಿದ್ದಾರೆ, ಅಮ್ಮನ ಮಂಡಿನೋವು ಹೇಗಿದೆ ಅಂತೆಲ್ಲ ಕೇಳಿದರು, ನಿನ್ನೆ ಮೊನ್ನೆ ಮನೆಯಿಂದ ಬಂದವರ ಹಾಗೆ. ನಾನು ಹೌದು, ಇಲ್ಲ, ಚೆನ್ನಾಗಿದ್ದಾರೆ ಅನ್ನುತ್ತಿದ್ದೆ. ಅತ್ತಿಗೆ, ಅವತ್ತು ನಾನು — ಅಷ್ಟು ಹೇಳಿದೆನೇನೋ, ಹೇಳಿದೆನೆಂದು ಅಂದುಕೊಂಡೆನೋ. ಅವರು ಕೇಳಿಸಿಕೊಳ್ಳಲಿಲ್ಲ. ಮಗುವನ್ನೇ ನೋಡುತ್ತಿದ್ದರು.

"ನಿನ್ನಂಗೇ ಅವ್ಳೆ," ಅಂದರು. ಚೀಲ ಕೆಳಗಿಟ್ಟು ಕೈಯನ್ನು ಸೆರಗಿಗೆ ಒರೆಸಿಕೊಂಡರು. "ಒಂದು ಸಲ ಎತ್ಕೊಳ್ಳಾ?"

ಎತ್ತಿಕೊಳ್ಳಬಹುದೇ ಎಂದು ಯಾರೂ ನಮ್ಮಲ್ಲಿ ಕೇಳುವುದಿಲ್ಲ, ಎತ್ತಿಕೊಳ್ಳುತ್ತಾರೆ. ಅವರು ಕೇಳಿದರು. ನಾನು ಕೊಡಬೇಕು ಅಂದುಕೊಂಡೆ — ಅಂದುಕೊಂಡದ್ದು ಸತ್ಯ. ಆದರೆ ನನ್ನ ತೋಳು ಮಗುವನ್ನು ಇನ್ನಷ್ಟು ಒತ್ತಿ ಹಿಡಿದವು. ಒಂದು ಕ್ಷಣ ಇದ್ದಿರಬಹುದು. ಆ ತೋಳು ನನ್ನವೇ.

ಅತ್ತಿಗೆ ಅದನ್ನು ನೋಡಿದರು.

"ಬೇಡ ಬಿಡಮ್ಮ, ಮಲಗವ್ಳೆ. ಯಾಕೆ ಎಬ್ಬಿಸೋದು," ಅಂದು ಚೀಲ ಎತ್ತಿಕೊಂಡರು. ಬಸ್ ಬಂತು. ಜನದ ನಡುವೆ ನುಗ್ಗಿ ಹತ್ತಿದರು. ಕಿಟಕಿಯ ಪಕ್ಕ ಸೀಟು ಸಿಕ್ಕಿತು, ನಾನು ನಿಂತ ಕಡೆಯೇ. ಒಳಗೆ ಪಕ್ಕದ ಹೆಂಗಸಿಗೆ "ವಸಿ ಜರುಗಮ್ಮ" ಅನ್ನುತ್ತಿದ್ದುದು ಕೇಳಿಸಿತು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಎರಡೂ ಕೈ ಸುತ್ತಿ ಹಿಡಿದುಕೊಂಡು ಕೂತರು. ಬಸ್ ಹೊರಟಿತು.